ಹೊಳೆ ದಾಟುವ ಪದದ ಕಡೆಯ ನುಡಿ

ಡೊಳ್ಳಿನ ಮ್ಯಾಳದ ಜಾಲತಾಣದ ಪಾಸ್‌ವರ್ಡು ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲಿಗೆ, ಒಳಮಗ್ಗುಲಲ್ಲಿ, ಪೆನ್ಸಿಲಿನಿಂದ ಬರೆದಿದೆ. ಶೇಂಗಾ ಚಟ್ನಿಯ ಬರಣಿ ತೆಗೆಯಲು ಬಂದವರಿಗೆಲ್ಲ ಅದು ಕಾಣುತ್ತದೆ. ಗುಟ್ಟಿನ ಮಾತನ್ನು ಹೀಗೆ ಬರೆದಿಡಬಾರದೆಂದು ಯಜಮಾನರು ಆಗಾಗ ಹೇಳುತ್ತಾರೆ. ಇದುವರೆಗೆ ಚಟ್ನಿಗೆ ಬಂದವರು ಚಟ್ನಿಯನ್ನಷ್ಟೇ ತೆಗೆದುಕೊಂಡು ಹೋಗಿದ್ದಾರೆ.

ಈ ಕೆಲಸ ನನಗೆ ಬಂದದ್ದು ನಮ್ಮ ಅಂಗಡಿಯ ಮೂಲಕ. ಸೊಲ್ಲಾಪುರದ ಹಳೆಯ ಪೇಟೆಯಲ್ಲಿ ನಮ್ಮದು ಚಾದರ ಮತ್ತು ಕಂಬಳಿಯ ಅಂಗಡಿ; ಮನೆ ಅದರ ಮೇಲೆಯೇ. ಮೈಂದರ್ಗಿಯ ಆಚೆಯ ಒಂದು ಹಳ್ಳಿಯಿಂದ ಕುರಿ ಸಾಕುವ ಹಿರಿಯರೊಬ್ಬರು ವರ್ಷಕ್ಕೆ ನಾಲ್ಕೈದು ಸಲ ಕೈನೇಯ್ಗೆಯ ಕಂಬಳಿಗಳ ಗಂಟು ಹೊತ್ತು ಎಸ್‌ಟಿ ಬಸ್ಸಿನಲ್ಲಿ ಬರುತ್ತಾರೆ. ಅವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಗಂಟು ಇಳಿಸಿ, ಮೊದಲು ನೀರು ಕುಡಿದು, ಆಮೇಲೆ ಚಹಾವನ್ನು ಬಸಿಗೆ ಸುರಿದುಕೊಂಡು ಮೂರೇ ಗುಟುಕಿಗೆ ಮುಗಿಸುತ್ತಾರೆ. ಅವರು ಬೀರೋಬನ ಗುಡಿಯ ಮುಂದೆ ಹಾಡುವ ಮ್ಯಾಳದ ಮುಂದಾಳು ಎಂಬುದು ನನಗೆ ಬಹಳ ವರ್ಷ ಗೊತ್ತೇ ಇರಲಿಲ್ಲ. ಕಂಬಳಿಯ ಅಂಚಿನ ಹೊಲಿಗೆಯನ್ನು ನೋಡಿದಷ್ಟು ಕಂಬಳಿ ತಂದವರ ಮುಖವನ್ನು ನಾವು ನೋಡುವುದಿಲ್ಲ.

ಮ್ಯಾಳದಲ್ಲಿ ಹನ್ನೊಂದು ಜನ. ಯಾರಿಗೂ ಕೂಲಿಯಿಲ್ಲ. ಕರೆದವರು ಕಾಯಿ, ಎಲೆ ಕೊಟ್ಟು ಊಟಕ್ಕೆ ಹಾಕಿದರೆ ಹಾಡಿ ಬರುತ್ತಾರೆ. ಒಂದು ದಿನ ಅಂಗಡಿಯಲ್ಲಿ ಕೂತು ಕಾಕಾ ನಗುತ್ತಲೇ ಒಂದು ಸಂಗತಿ ಹೇಳಿದರು. ಅಕ್ಕಲಕೋಟದವರು ಒಂದು ಕಾರ್ಯಕ್ರಮಕ್ಕೆ ಇವರನ್ನೇ ಹುಡುಕಿದ್ದರಂತೆ. ಮ್ಯಾಳದ ಫೋನ್ ನೋಡಿಕೊಳ್ಳುತ್ತಿದ್ದವನು ನಂಬರು ಬದಲಿಸಿದ್ದರಿಂದ ಸಿಗಲಿಲ್ಲ, ಬೇರೆ ಮ್ಯಾಳ ಹೋಗಿ ಹಾಡಿತು. ನಾನು ಮಹಡಿಯ ಮೆಟ್ಟಿಲ ಮೇಲೆ ಬುಟ್ಟಿ ಹಿಡಿದು ನಿಂತಿದ್ದೆ. ಅಲ್ಲಿಂದಲೇ, ನಿಮಗೊಂದು ವೆಬ್‌ಸೈಟ್ ಮಾಡಿಕೊಡುತ್ತೇನೆ ಕಾಕಾ ಎಂದೆ. ಯಜಮಾನರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕಾಕಾ ಮಾತ್ರ ಅದೇನು, ಎಷ್ಟು ದೊಡ್ಡದು, ಎಲ್ಲಿ ಇಡುತ್ತೀರಿ ಎಂದು ಕೇಳಿದರು. ಎಲ್ಲರಿಗೂ ಕಾಣುವಂತೆ ಇರುತ್ತದೆ, ಯಾರು ಬೇಕಾದರೂ ಬಂದು ನೋಡಬಹುದು, ಕೇಳಬಹುದು ಎಂದೆ. ಮನೆಯ ಮುಂದಿನ ಕಟ್ಟೆ ಇದ್ದಂತೆ ಅನ್ನಿ ಎಂದು ಅವರೇ ಅದಕ್ಕೊಂದು ಹೆಸರು ಕೊಟ್ಟರು. ಅಂದಿನಿಂದ ಅವರಿಗೆ ಅದು ನನ್ನ ಕಟ್ಟೆ. ಬಂದಾಗಲೆಲ್ಲ ಕೇಳುತ್ತಿದ್ದರು:

"ನಿಮ್ಮ ಕಟ್ಟಿ ಮ್ಯಾಲ ಈ ಸಲ ಯಾರ್ಯಾರ ಬಂದ ಕುಂತಿದ್ರು, ವೈನಿ?"

ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆಂದು ಹೇಳಲು ನನಗೆ ಸಂಕೋಚವಿಲ್ಲ. ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಸಿಸ್ಟರುಗಳು ನಮಗೆ ಟೈಪಿಂಗು ಕಲಿಸಿದರು, ಪತ್ರ ಬರೆಯುವುದು ಕಲಿಸಿದರು, ಎಲ್ಲಕ್ಕಿಂತ ಹೆಚ್ಚಾಗಿ ಹಾಳೆಯ ಅಂಚಿನಲ್ಲಿ ಜಾಗ ಬಿಡುವುದನ್ನು ಕಲಿಸಿದರು. ಅಂಚು ದಾಟಿದ ಅಕ್ಷರಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಅವರ ತೋರುಬೆರಳಿನ ತುದಿ ಸದಾ ಕೆಂಪಾಗಿರುತ್ತಿತ್ತು. ಕನ್ನಡ ಮನೆಯಲ್ಲಿ ಆಡಿದ ಮಾತಷ್ಟೇ. ಓದುಬರಹ ಬಂದದ್ದು ಮದುವೆಯಾದ ಮೇಲೆ, ಇಂಡಿ ತಾಲೂಕಿನ ಕಡೆಯಿಂದ ಬಂದಿದ್ದ ಅತ್ತೆಯವರ ಪಕ್ಕದಲ್ಲಿ ಕೂತು. ಅವರು ಸೊಪ್ಪು ಸೋಸುತ್ತ ಅಕ್ಷರ ತಿದ್ದಿಸಿದರು. ಹೀಗಾಗಿ ಮರಾಠಿ, ಕನ್ನಡ, ಇಂಗ್ಲಿಷು ಮೂರರಲ್ಲೂ ಪುಟಗಳನ್ನು ನಾನೇ ಬರೆದೆ.

ಪುಟ ಬರೆಯುವುದು ಸುಲಭ, ಅದನ್ನು ಸಾಕುವುದು ಕಷ್ಟ. ಮ್ಯಾಳದವರು ಕಾರ್ಯಕ್ರಮದ ದಿನವನ್ನು ಅಮಾವಾಸ್ಯೆಯಾದ ಮೂರನೆಯ ದಿನ, ಸೀಗೆ ಹುಣ್ಣಿಮೆಯಾದ ಮೊದಲ ಸೋಮವಾರ ಎಂದು ಹೇಳುತ್ತಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ನಾನು ಅದನ್ನು ತಾರೀಖಾಗಿ ಮಾಡುತ್ತೇನೆ. ಫೋಟೋ ತೆಗೆಯುವಾಗ ಹನ್ನೊಂದು ಜನವೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅದಕ್ಕೆ ಫೋಟೋ ಮುಗಿಯಿತು ಎಂದು ಹೇಳಿ, ಅವರು ರುಮಾಲು ಬಿಚ್ಚಿ ನಗುವಾಗ ತೆಗೆಯುವುದನ್ನು ಕಲಿತೆ. ಪುಣೆಯಿಂದ ಒಬ್ಬರು ಮಗುವಿನ ಹುಟ್ಟುಹಬ್ಬಕ್ಕೆ ಡೊಳ್ಳು ಸಿಗುತ್ತದೆಯೇ, ಸದ್ದು ಸ್ವಲ್ಪ ಮೆಲ್ಲಗೆ ಇರಬೇಕು ಎಂದು ಬರೆದಿದ್ದರು. ಅದನ್ನು ಕಾಕಾ ಊರಿನಲ್ಲಿ ಹೇಳಿದಾಗ ಡೊಳ್ಳಿನವರು ಅತ್ತ ತಿರುಗಿ ಬಹಳ ಹೊತ್ತು ನಕ್ಕರಂತೆ. ಅಕ್ಕಲಕೋಟದ ಕರೆಗಳು ತಪ್ಪುವುದು ನಿಂತಿತು. ಮೊದಲ ವರ್ಷ ಮುಗಿಯುವಷ್ಟರಲ್ಲಿ ಕರೆಗಳು ಹೆಚ್ಚಿ, ಬರಲಾಗದು ಎನ್ನುವುದನ್ನೂ ಮ್ಯಾಳದವರು ಕಲಿಯಬೇಕಾಯಿತು.

ಮ್ಯಾಳದವರು ಹಾಡುವ ಪದಗಳನ್ನು ಧ್ವನಿಯಲ್ಲಿ ತಾಣಕ್ಕೆ ಹಾಕಬೇಕೆಂದು ನನಗೇ ಹೊಳೆದದ್ದು. ಒಂದು ಭಾನುವಾರ ಅವರ ಊರಿಗೆ ಹೋಗಿ, ಗುಡಿಯ ಮುಂದಿನ ಬೇವಿನ ಕೆಳಗೆ ಏಳು ಪದ ಮುದ್ರಿಸಿಕೊಂಡೆ. ಒಂದೊಂದೂ ಅರ್ಧ ಗಂಟೆ. ಅಷ್ಟುದ್ದ ಯಾರು ಕೇಳುತ್ತಾರೆ? ಮನೆಗೆ ಬಂದು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪ್ರತಿಯೊಂದು ಪದವನ್ನೂ ಅಂದವಾಗಿ ಕತ್ತರಿಸಿದೆ. ಮರಳಿ ಮರಳಿ ಬರುವ ಸೊಲ್ಲು ತೆಗೆದೆ, ಕಡೆಯ ನುಡಿ, ಎಂದರೆ ಕೊನೆಯ ಚರಣ, ಅದನ್ನೂ ತೆಗೆದೆ. ಕಡೆಯ ನುಡಿಯಲ್ಲಿ ಊರ ಹೆಸರು, ಗುರುವಿನ ಹೆಸರು ಬರುತ್ತವೆ. ಅದು ನಾಟಕ ಮುಗಿದ ಮೇಲೆ ಹೇಳುವ ವಂದನಾರ್ಪಣೆಯಂಥದು ಎಂದುಕೊಂಡೆ.

ಏಳರಲ್ಲಿ ಎಲ್ಲರಿಗೂ ಹಿಡಿಸಿದ್ದು ಹೊಳೆ ದಾಟುವ ಪದ. ಕಟ್ಟಿದವರು ಕಾಕಾ ಅವರ ಸೋದರಮಾವ, ಅವರ ಗುರುವೂ ಅವರೇ. ಓದು ಬರಹ ಇಲ್ಲ, ಮದುವೆ ಇಲ್ಲ, ಒಂದು ಫೋಟೋ ಕೂಡ ಇಲ್ಲ. ಹಿಂಡು ಕಾಯುತ್ತ ಬದುಕಿ, ಹಿಂಡಿನೊಡನೆಯೇ ತೀರಿಹೋದವರು. ಪದದಲ್ಲಿ ಕುರುಬನೊಬ್ಬ ಮೋಡ ಕವಿದ ದಿನ ಭೀಮೆಯ ದಂಡೆಗೆ ಬಂದು ನಿಲ್ಲುತ್ತಾನೆ. ಒಂದೊಂದು ನುಡಿಗೆ ಒಂದಷ್ಟು ಕುರಿ ದಾಟುತ್ತವೆ: ಮೊದಲು ಟಗರು, ಆಮೇಲೆ ಕಂದು ಕುರಿ, ಆಮೇಲೆ ಹೆಗಲ ಮೇಲಿನ ಕುಂಟು ಮರಿ. ಕಡೆಯ ನುಡಿಯಲ್ಲಿ ಕುರುಬ ತಾನು ನೀರಿಗಿಳಿಯುತ್ತಾನೆ. ನಡುನೀರಿನಲ್ಲಿ ಹೊಳೆ ಅವನನ್ನು ಯಾವ ಊರವ, ಯಾರ ಮಗ ಎಂದು ಕೇಳುತ್ತದೆ. ಅವನು ಹೇಳುವುದು ಪದ ಕಟ್ಟಿದ ಮಾವನ ಊರು, ಹೆಸರು. ಹೆಸರು ಹೇಳಿದ ಮೇಲೆ ಹೊಳೆ ದಾರಿ ಬಿಡುತ್ತದೆ.

ಇದನ್ನೆಲ್ಲ ಇಷ್ಟು ಸ್ಪಷ್ಟವಾಗಿ ನಾನು ಆಮೇಲೆ ತಿಳಿದೆ. ಕತ್ತರಿಸುವಾಗ ನನಗೆ ಕೇಳಿಸಿದ್ದು ಬೇರೆ. ಕಾಕಾ ಅವರ ದನಿ ಮಾವನ ಹೆಸರಿನ ಹತ್ತಿರ ಬಂದಾಗ ಸಿಕ್ಕಿಕೊಂಡಿತ್ತು, ಕೆಮ್ಮಿದ್ದರು, ಹಿಂದೆ ನಿಂತು ಹಾಡುವವರು ಅದನ್ನು ಎತ್ತಿಕೊಂಡು ಮುಗಿಸಿದ್ದರು. ಇಂಥ ಹಿರಿಯರ ದನಿ ಒಡೆದದ್ದನ್ನು ಊರಿಗೆಲ್ಲ ಯಾಕೆ ಕೇಳಿಸಬೇಕೆಂದು, ಕುಂಟು ಮರಿ ದಾಟಿದ ಕೂಡಲೇ ನಿಲ್ಲಿಸಿಬಿಟ್ಟೆ. ಅವರ ಮರ್ಯಾದೆ ಉಳಿಸಿದೆ ಎಂಬ ಸಮಾಧಾನದಲ್ಲಿ ಅಂದು ಚಹಾ ಮಾಡಿಕೊಂಡು ಕುಡಿದದ್ದೂ ನೆನಪಿದೆ.

ಮಳೆಗಾಲ ಕಳೆದ ಮೇಲೆ ಕಾಕಾ ಬಂದರು. ಗಂಟು ಇಳಿಸಿದರು, ನೀರು ಕುಡಿದರು. ಚಹಾ ಬಂತು. ಅದನ್ನು ಬಸಿಗೆ ಸುರಿಯಲಿಲ್ಲ. ಕಪ್ಪಿನಲ್ಲಿ ಕೆನೆ ಕಟ್ಟುವುದನ್ನು ನಾನು ಮೆಟ್ಟಿಲ ಮೇಲಿಂದ ನೋಡುತ್ತಿದ್ದೆ. ಕಟ್ಟೆಯ ಮೇಲೆ ಯಾರು ಕೂತಿದ್ದರೆಂದು ಕೇಳಲಿಲ್ಲ. ಹೊಳೆಯ ಪದವನ್ನು ಒಂದು ಸಲ ಹಚ್ಚಿ ಎಂದರು. ಕೆಳಗೆ ಬಂದು ಫೋನಿನಲ್ಲಿ ಹಚ್ಚಿದೆ. ಅವರು ತಲೆ ತಗ್ಗಿಸಿ ಕೇಳಿದರು. ಟಗರು ದಾಟಿತು, ಕಂದು ಕುರಿ ದಾಟಿದವು, ಕುಂಟು ಮರಿ ದಾಟಿತು. ಫೋನು ಸುಮ್ಮನಾಯಿತು.

"ಮುಂದ?" ಎಂದರು.

"ಇಷ್ಟ ಹಾಕೀನ್ರಿ ಕಾಕಾ."

ಅವರು ಫೋನಿನ ಕಪ್ಪು ಗಾಜನ್ನು ನೋಡಿದರು.

"ಕುರಿ ಎಲ್ಲಾ ದಾಟಿಸೀರಿ, ವೈನಿ," ಎಂದರು. "ನಮ್ಮ ಮಾಮಾನ್ನ ಮಾತ್ರ ಈ ದಂಡಿಗೆ ಬಿಟ್ಟೀರಿ."

ಆಮೇಲೆ ನಡೆದದ್ದು ಹೇಳಿದರು. ಅಕ್ಕಲಕೋಟದ ಬಸ್‌ನಿಲ್ದಾಣದ ಚಹಾದಂಗಡಿಯಲ್ಲಿ ಯಾರದೋ ಮೊಬೈಲಿನಲ್ಲಿ ಈ ಪದ ಕೇಳಿಸಿತಂತೆ. ಹಾಡುತ್ತಿದ್ದವರು ವಳಸಂಗದ ಆಚೆಯ ಒಂದು ಹಳ್ಳಿಯ ಮ್ಯಾಳದವರು. ಚೆನ್ನಾಗಿಯೇ ಹಾಡಿದ್ದರು. ಕಡೆಗೆ ಒಂದು ಹೊಸ ನುಡಿ ಸೇರಿಸಿ, ತಮ್ಮ ಊರ ಹೆಸರು, ತಮ್ಮ ಗುರುವಿನ ಹೆಸರು ಹಾಡಿ ಮುಗಿಸಿದ್ದರು. ಅವರು ಕದ್ದರಲ್ಲ ಎಂದೆ. ಕಾಕಾ ಇಲ್ಲವೆಂದು ತಲೆಯಾಡಿಸಿದರು.

"ಕಿವಿಗೆ ಗುರತ ಇಲ್ಲದ ಕುರಿ ಯಾರ ಹಿಂಡಿನ್ಯಾಗ ಹೊಕ್ಕತೋ ಅವರದರಿ. ಅವರದೇನ ತಪ್ಪಿಲ್ಲ."

ಕುರಿಮರಿಯ ಕಿವಿಯನ್ನು ಸಣ್ಣಗೆ ಕೊರೆದು ಗುರುತು ಮಾಡುತ್ತಾರೆ; ಒಂದೊಂದು ಮನೆಗೆ ಒಂದೊಂದು ಕೊರೆತ. ಪದಕ್ಕೆ ಕಡೆಯ ನುಡಿಯೇ ಆ ಕಿವಿಯ ಗುರುತು. ಅದಿಲ್ಲದ ಪದ ಸಿಕ್ಕರೆ, ಹಾಡಿದವರು ತಮ್ಮ ಗುರುತು ಹಾಕಿ ಇಟ್ಟುಕೊಳ್ಳಬಹುದು. ಇದು ಈ ಮ್ಯಾಳಗಳಲ್ಲಿ ಎಲ್ಲರೂ ಒಪ್ಪಿದ ರೂಢಿಯಂತೆ. ಗೊತ್ತಿಲ್ಲದಿದ್ದವಳು ನಾನೊಬ್ಬಳೇ, ಕತ್ತರಿ ಇದ್ದದ್ದು ನನ್ನ ಕೈಯಲ್ಲಿ.

ಯಜಮಾನರು ಆ ಮ್ಯಾಳಕ್ಕೆ ಒಂದು ನೋಟೀಸು ಕಳಿಸೋಣ ಎಂದರು. ನಮ್ಮ ಅಂಗಡಿಯಲ್ಲಿ ಎಲ್ಲ ರೋಗಕ್ಕೂ ನೋಟೀಸೇ ಔಷಧ. ನಾನು ಅಲ್ಲೇ ಕೂತು ಏಳೂ ತುಣುಕುಗಳನ್ನು ತಾಣದಿಂದ ಇಳಿಸಿ, ಪೂರ್ತಿ ಪದಗಳನ್ನು ಕೆಮ್ಮು ಸಮೇತ ಏರಿಸತೊಡಗಿದೆ. ನನ್ನ ಕೆಲಸದಲ್ಲಿ ಆದ ತಪ್ಪನ್ನು ನಾನು ತಿದ್ದಬಲ್ಲೆ ಎಂಬುದರಲ್ಲಿ ನನಗೆ ಆಗಲೂ ಅನುಮಾನ ಇರಲಿಲ್ಲ. ಆದರೆ ಪುಟದ ಮೇಲೆ ತಿದ್ದಿದ್ದು ಆ ಹಳ್ಳಿಯವರ ಬಾಯಲ್ಲಿ ತಿದ್ದಿದಂತಾಗುವುದಿಲ್ಲ. ಅವರು ಹಾಡಿದ್ದು ಊರೂರಿಗೆ ಹೋಗುತ್ತಿತ್ತು. ಇನ್ನೊಂದು ಹಬ್ಬದ ಕಾಲ ಕಳೆದರೆ ಮಾವನ ಹೆಸರು ಕಾಕಾ ಅವರ ಗಂಟಲಲ್ಲಿ ಮಾತ್ರ ಉಳಿಯುತ್ತಿತ್ತು. ಆ ಗಂಟಲೂ ಅದೇ ಹೆಸರಿಗೆ ಬಂದು ಸಿಕ್ಕಿಕೊಳ್ಳುವ ಗಂಟಲು.

ಏನು ಮಾಡುವುದೆಂದು ಕೇಳಿದೆ. ಅದಕ್ಕೂ ರೂಢಿ ಇತ್ತು.

"ಅವರ ಹಟ್ಟಿಗೆ ಹೋಗಿ ಕೇಳೂದು. ಕುರುಬ ಒಬ್ಬನ ಹೋದ್ರ ನಡಿಯಂಗಿಲ್ಲ. ಯಾರ ಕೈಯಾಗ ತಪ್ಪಿತೋ ಅವರೂ ಬರಬೇಕ."

ಹಾಗೆ ಹೇಳಿ ಚಹಾದ ಕೆನೆಯನ್ನು ಬೆರಳಿನಿಂದ ಬದಿಗೆ ಸರಿಸಿದರು. ಕುಡಿಯಲಿಲ್ಲ.

ಮುಂದಿನ ಭಾನುವಾರ ನಾನು ಸೊಲ್ಲಾಪುರದಿಂದ, ಅವರು ಅಕ್ಕಲಕೋಟದ ಕಡೆಯಿಂದ ಬಂದು ವಳಸಂಗದಲ್ಲಿ ಇಳಿದೆವು. ನನ್ನ ಚೀಲದಲ್ಲಿ ಒಂದು ತೆಂಗಿನಕಾಯಿ, ಎಲೆ ಅಡಿಕೆ, ಫೋನು. ಕಾಕಾ ಅವರ ಹೆಗಲ ಮೇಲೆ ಹೊಸ ಕಂಬಳಿ, ಮಾರುವುದಕ್ಕಲ್ಲ, ಹೊದ್ದುಕೊಳ್ಳುವುದಕ್ಕೆ. ಅಲ್ಲಿಂದ ಆಟೋದಲ್ಲಿ ಮೂವರ ಜಾಗದಲ್ಲಿ ಏಳು ಜನ. ದಾರಿಯುದ್ದಕ್ಕೂ ಅವರು ತೊಗರಿ ಹೊಲಗಳನ್ನು ನೋಡುತ್ತಿದ್ದರು. ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಮೂರು ಭಾಷೆಯಲ್ಲಿ ಹೇಳಿಕೊಂಡು, ಕಡೆಗೆ ಮನೆಯ ಮಾತಿನಲ್ಲೇ ಹೇಳುವುದೆಂದು ತೀರ್ಮಾನಿಸಿದೆ.

ಆ ಮ್ಯಾಳದ ಮುಂದಾಳು ನಲವತ್ತರ ಆಸುಪಾಸಿನವನು. ವಾರವೆಲ್ಲ ಸೊಲ್ಲಾಪುರಕ್ಕೆ ಕೆಲಸಕ್ಕೆ ಹೋಗಿ ಬರುವವನು, ಭಾನುವಾರ ಮನೆಯಲ್ಲಿದ್ದ. ಅಂಗಳದಲ್ಲಿ ಚಾಪೆ ಹಾಸಿದ. ಅವನ ತಾಯಿ ಒಂದು ಬದಿಗೆ ಕೂತು ಮೊರದಲ್ಲಿ ಬೇಳೆ ಕೇರುತ್ತಿದ್ದರು. ಅವರು ನಮ್ಮನ್ನು ಒಮ್ಮೆ ನೋಡಿ ಮತ್ತೆ ಮೊರದ ಕಡೆ ತಿರುಗಿದರು. ನಾನು ಕಾಯಿ, ಎಲೆಯನ್ನು ಚಾಪೆಯ ಮೇಲಿಟ್ಟು, ಕಾಕಾ ಅವರ ಮ್ಯಾಳದ ತಾಣ ನಡೆಸುವವಳು ನಾನು, ನಾವು ಬಂದದ್ದು ಹೊಳೆಯ ಪದಕ್ಕೆ ಎಂದೆ.

ಅವನಿಗೆ ತಿಳಿಯಿತು. ಮುಖ ಗಂಟಿಕ್ಕಲಿಲ್ಲ, ನಕ್ಕ.

"ಅಲ್ರಿ ವೈನಿ, ಬಾಗಲಾ ತಗದ ಇಟ್ಟವ್ರ ನೀವು. ಹೆಸರ ಒರಸಿ ಇಟ್ಟವ್ರೂ ನೀವ. ಈಗ ಕಾಯಿ ಹಿಡಕೊಂಡ ಕಳ್ಳನ್ನ ಹುಡುಕಲಾಕ ಬಂದೀರೇನು?"

"ಕಳ್ಳರನ್ನ ಹುಡುಕಲಾಕ ಬಂದಿಲ್ಲರಿ," ಎಂದೆ. "ಕತ್ತರಿಸಿದಾಕಿ ನಾ. ಅದನ್ನ ನಿಮ್ಮ ಮುಂದ ಹೇಳಲಾಕ ಬಂದೀನಿ. ನಿಮ್ಮ ಹಾಡಕಿ ನನಗ ಭಾಳ ಸೇರೇದ. ಪದಕ್ಕ ಕಡೀ ನುಡಿ ಅದ, ಕೇಳಿ ನೀವ ಹೇಳ್ರಿ."

ಮೊರದ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅವನು ನನ್ನನ್ನು ಬಿಟ್ಟು ಕಾಕಾ ಅವರನ್ನು ನೋಡಿದ. ಪೂರ್ತಿ ಪದ ಈಗ ನಿಮ್ಮ ತಾಣದಲ್ಲಿದೆ, ನಾನು ನಿನ್ನೆಯೇ ಕೇಳಿದೆ, ಆದರೆ ಯಂತ್ರದೊಳಗೆ ಇವತ್ತು ಯಾರು ಏನನ್ನು ಬೇಕಾದರೂ ಜೋಡಿಸುತ್ತಾರೆ ಎಂದ. ಕಾಕಾ ಇಲ್ಲೇ ಹಾಡಿ ತೋರಿಸಲಿ. ಡೊಳ್ಳು ಬೇಡ, ತಾಳ ಬೇಡ. ಪದಕ್ಕೆ ಆ ನುಡಿ ಹೊಂದಿದರೆ ತನಗೇ ಗೊತ್ತಾಗುತ್ತದೆ. ಕಳೆದ ಮರಿ ತಾಯಿಯ ದನಿಗೆ ಬರುವುದನ್ನು ಕಂಡವನೇ ತಾನೂ ಎಂದ. ನನಗೆ ಅದು ನ್ಯಾಯವಾಗಿಯೇ ಕಂಡಿತು.

ಕಾಕಾ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದರು. ಕುರುಬ ನೀರಿಗಿಳಿದ. ಮೊಣಕಾಲುದ್ದ, ಸೊಂಟದುದ್ದ. ಬಿಸಿಲಿಗೆ ಒಣಗಿದ ಅಂಗಳದಲ್ಲಿ ಆ ದನಿ ತೇವವಾಗಿ ಹರಿಯಿತು. ಹೊಳೆ ಕೇಳಿತು, ಯಾವ ಊರವ. ಊರ ಹೆಸರು ಬಂತು. ಯಾರ ಮಗ, ನಿನ್ನ ಹೆಸರೇನು ಎಂದು ಕೇಳಿತು. ಅಲ್ಲಿ, ಅಂದು ಬೇವಿನ ಕೆಳಗೆ ಸಿಕ್ಕಿಕೊಂಡಿದ್ದ ಅದೇ ಅಕ್ಷರದ ಹತ್ತಿರ, ದನಿ ನಿಂತಿತು. ಅವರು ಕೆಮ್ಮಿದರು. ಮತ್ತೆ ಎತ್ತಿಕೊಳ್ಳಲು ಹೋದರು, ಆಗಲಿಲ್ಲ. ಎತ್ತಿಕೊಳ್ಳಲು ಇಲ್ಲಿ ಹಿಂದೆ ಹತ್ತು ಜನ ಇರಲಿಲ್ಲ. ನಾನಿದ್ದೆ, ಆ ಹೆಸರು ನನಗೆ ಗೊತ್ತಿತ್ತು, ಆದರೆ ಸಾಕ್ಷಿ ಹೇಳುವ ಹಕ್ಕನ್ನು ನಾನೇ ಕತ್ತರಿಸಿಕೊಂಡಿದ್ದೆ. ಮುಂದಾಳು ತಲೆ ತಗ್ಗಿಸಿ ಕಾಯುತ್ತಿದ್ದ.

ಮೊರದ ಸದ್ದು ನಿಂತಿತು. ಅವನ ತಾಯಿ, ಬೇಳೆಯಿಂದ ಕಣ್ಣೆತ್ತದೆ, ಆ ಹೆಸರನ್ನು ಹೇಳಿದರು. ಹಾಡಲಿಲ್ಲ, ಮನೆಯವರನ್ನು ಊಟಕ್ಕೆ ಕರೆಯುವಷ್ಟು ಸಾದಾ ದನಿಯಲ್ಲಿ ಹೇಳಿದರು.

ಮಗ ತಿರುಗಿ ನೋಡಿದ.

"ನಾ ಮದಿವ್ಯಾಗಿ ಹೊಸದಾಗಿ ಈ ಮನಿಗಿ ನಡಿಯಾಕ ಬಂದಾಗ ನಮ್ಮ ಹೊಲದಾಗ ಕುರಿ ನಿಂದ್ರಿಸಿದ್ದ ಅಂವಾ," ಎಂದರು ಆಕೆ. "ನಾ ರೊಟ್ಟಿ ಒಯ್ದ ಕೊಡೂ ಮುಂದ ಇದನ್ನ ಹಾಡತಿದ್ದ. ನೀ ಹಾಡಿದಾಗಿಂದ ಈ ಪದ ಎಲ್ಲಿ ಕೇಳೇನಿ, ಎಲ್ಲಿ ಕೇಳೇನಿ ಅಂತ ಅನಕೊಂಡ ಕುಂತೀನಿ. ಹೊಳಿ ಹೆಸರ ಕೇಳಿದ ಮ್ಯಾಲ ನೆಪ್ಪ ಆತು."

"ಮೊದಲ ಹೇಳಬಾರದೇನವ್ವಾ?"

"ನೀ ಎಲ್ಲಿ ದಾಟಿಸಿದ್ದಿ ಅಂವನ್ನ, ನನಗ ಗುರತ ಹತ್ತಲಾಕ?"

ಅವನು ಎದ್ದು ಹೋಗಿ ಅಕ್ಕಪಕ್ಕದ ಮನೆಗಳಿಂದ ತನ್ನ ಮ್ಯಾಳದವರನ್ನು ಕರೆತಂದ. ಒಬ್ಬನ ಕೈಗೆ ಇನ್ನೂ ಹಿಟ್ಟಿತ್ತು, ಒಬ್ಬ ಅರ್ಧ ಗಡ್ಡ ಹೆರೆಸಿಕೊಂಡಿದ್ದ. ಕಾಯಿ ಒಡೆದರು. ಅವನು ಕಾಕಾ ಅವರ ಮುಂದೆ ಮಂಡಿ ಮಡಚಿ ಕೂತು, ಕಡೆಯ ನುಡಿ ಕಲಿಸಿರಿ ಎಂದ. ನಾವು ಹಾಡಿದ್ದು ಹೇಗೆ ತಿಳಿಯಬೇಕು, ನಮ್ಮ ಊರ ಹೆಸರು ಪೂರಾ ಬಿಡಬೇಕೆ ಎಂದೂ ಕೇಳಿದ. ಕಾಕಾ ಅದಕ್ಕೆ ಉದಾರವಾಗಿಯೇ ಒಪ್ಪಿದರು: ಹಾಡಿದವರ ಊರನ್ನು ಕೊನೆಯಲ್ಲಿ ಸೇರಿಸಿಕೊಳ್ಳಲಿ, ಕಟ್ಟಿದವನ ಹೆಸರನ್ನು ಮಾತ್ರ ನಡುನೀರಿನಲ್ಲಿ ಹೇಳಲಿ, ಅವನು ಅಲ್ಲಿ ಹೇಳಿದರೇ ಹೊಳೆ ಬಿಡುವುದು. ಸಾಲು ಸಾಲಾಗಿ ಹೇಳಿಕೊಟ್ಟರು. ಹೆಸರಿನ ಸಾಲನ್ನು ಆ ತಾಯಿಯಿಂದ ಹೇಳಿಸಿದರು.

ಚಹಾ ಬಂತು. ಕಾಕಾ ಬಸಿಗೆ ಸುರಿದುಕೊಂಡು ಮೂರು ಗುಟುಕಿಗೆ ಮುಗಿಸಿದ್ದನ್ನು ನಾನು ನೋಡಿದೆ.

ಬೇಳೆಯ ಮೊರವನ್ನು ಒಳಗೆ ಒಯ್ದು, ಡೊಳ್ಳನ್ನು ಬಿಸಿಲಿಗೆ ಹಿಡಿದು ಚರ್ಮ ಬಿಗಿ ಮಾಡಿ, ಆ ಮ್ಯಾಳದವರು ಪೂರ್ತಿ ಪದವನ್ನು ಹಾಡಿದರು. ನಮ್ಮ ತಾಣದಲ್ಲಿ ಈಗ ನಮ್ಮ ಮ್ಯಾಳದ ಪದದ ಕೆಳಗೆ ಅವರದೂ ಇದೆ. ಅದನ್ನು ಅಂದು ನಾನೇ ಮುದ್ರಿಸಿಕೊಂಡದ್ದು. ಕೇಳಿದರೆ ಮೊದಲಿಗೆ ಕೋಳಿಯೊಂದರ ಕೂಗು ಸಿಗುತ್ತದೆ, ಅದನ್ನೂ ತೆಗೆದಿಲ್ಲ. ಟಗರು ದಾಟಿತು, ಕಂದು ಕುರಿ ದಾಟಿದವು, ಕುಂಟು ಮರಿ ದಾಟಿತು. ಹೊಸ ನುಡಿ ಅವರ ಬಾಯಲ್ಲಿ ಇನ್ನೂ ಪಳಗಿರಲಿಲ್ಲ, ನಡುವೆ ಎಲ್ಲರೂ ಒಮ್ಮೆಲೇ ಉಸಿರು ತೆಗೆದುಕೊಂಡರು, ಡೊಳ್ಳು ತಡವರಿಸಿತು. ಮುಗಿಯಿತೆಂದುಕೊಂಡು ನನ್ನ ಹೆಬ್ಬೆರಳು ಫೋನಿನ ಕೆಂಪು ಗುಂಡಿಯ ಕಡೆ ಹೋಯಿತು. ಕಾಕಾ ನನ್ನ ಕಡೆ ನೋಡದೆಯೇ ಕೈ ಎತ್ತಿದರು.

"ತಡೀರಿ ವೈನಿ. ಇನ್ನೂ ನೀರಾಗ ಅದಾನ."

ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ಆ ದಂಡೆ ಮುಟ್ಟುವವರೆಗೆ ಕಾದೆ.